ಮಾಯಾಲೋಕದ ಕಾದಂಬರಿ ನಡುದಾರಿಯಲ್ಲಿ ನಿಂತಾಗ

ಮಾಯಾಲೋಕದ ಕಾದಂಬರಿ ಸಾಮಾನ್ಯವಾಗಿ ನಿಲ್ಲುವುದು ಮೂರರಲ್ಲಿ ಒಂದು ಪಾಲು ಮುಗಿದ ಮೇಲೆ. ಅದಕ್ಕೆ ಛಲದ ಕೊರತೆ ಕಾರಣವಲ್ಲ. ಕಥೆಯಲ್ಲಿನ ಶಕ್ತಿಗೆ ಕಟ್ಟುಪಾಡಿಲ್ಲದಿದ್ದರೆ ನಾಯಕಿ ಎಂಥ ಕಷ್ಟವನ್ನೂ ಮಂತ್ರ ಹಾಕಿ ದಾಟಿಬಿಡುತ್ತಾಳೆ, ಬರೆಯಲು ಏನೂ ಉಳಿಯುವುದಿಲ್ಲ. ಕೈ ನಿಂತರೆ ನಾನು ಮೊದಲು ತೆಗೆಯುವುದು ಕಟ್ಟುಪಾಡಿನ ಪುಟವನ್ನು. ಶಕ್ತಿ ಯಾವಾಗ ಸಿಗುತ್ತದೆ, ಎಲ್ಲಿ ಸಿಗುತ್ತದೆ, ಬಳಸಿದವರು ಏನು ಕಳೆದುಕೊಳ್ಳುತ್ತಾರೆ? ಮೂರಕ್ಕೂ ಒಂದೊಂದು ಸಾಲಿನ ಉತ್ತರ ಅಲ್ಲಿರಬೇಕು.

ಉತ್ತರ ಹುಡುಕಿ ದೂರ ಹೋಗಬೇಕಿಲ್ಲ, ಕೊಡಗಿನಲ್ಲೇ ಬೇಕಾದಷ್ಟಿದೆ. ಅಲ್ಲಿ ಬೆಳೆಯುವ ಮದ್ದುಸೊಪ್ಪು ಎಂಬ ಔಷಧಿ ಗಿಡವನ್ನೇ ನೋಡಿ. ಕೊಡವರ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಅದರಲ್ಲಿ 18 ಬಗೆಯ ಔಷಧ ಕೂಡಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದರೆ ನೀರು ದಟ್ಟ ನೇರಳೆಯಾಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ. ತಿಂದವರ ಮೂತ್ರಕ್ಕೂ ಬಣ್ಣ ಇಳಿಯುತ್ತದೆ. ಹೆಸರು ಬದಲಿಸಿ ಇದನ್ನು ಹಾಗೇ ಕಥೆಗೆ ಇಳಿಸಿದರೆ ನಮ್ಮವರು ಮೊದಲ ಪುಟದಲ್ಲೇ ಗುರುತು ಹಿಡಿಯುತ್ತಾರೆ. ತೆಗೆದುಕೊಳ್ಳಬೇಕಾದ್ದು ಒಳಗಿನ ನಿಯಮವನ್ನು: ವರ್ಷಕ್ಕೊಂದೇ ದಿನ ಕೂಡಿಬರುವ ಶಕ್ತಿ, ಬಳಸಿದವರನ್ನು ಬಚ್ಚಿಟ್ಟುಕೊಳ್ಳಲು ಬಿಡದ ಬಣ್ಣ. ನಾಯಕಿ ಒಂದು ದಿನ ತಡವಾದರೆ ಇಡೀ ವರ್ಷ ಕಾಯಬೇಕು. ಐದಾರು ಅಧ್ಯಾಯಕ್ಕೆ ಅಷ್ಟು ಸಾಕು.

ದೇವರಕಾಡಿನ, ಅಂದರೆ ದೇವರಿಗೆಂದು ಬಿಟ್ಟ ಕಾಡಿನ, ನಿಷೇಧಗಳೂ ಹೀಗೇ ಕೆಲಸಕ್ಕೆ ಬರುತ್ತವೆ. ಆಚರಣೆಗಳಿಗೆ ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' (1924) ಓದುತ್ತೇನೆ. ಮದುವೆ, ಸಾವು, ಸುಗ್ಗಿಹಬ್ಬ ಹುತ್ತರಿಯ ಹಾಡುಗಳಲ್ಲಿ ನಾನು ಹುಡುಕುವುದು ವರ್ಣನೆಯನ್ನಲ್ಲ, ಯಾವುದರ ನಂತರ ಯಾವುದು ಎಂಬ ಕ್ರಮವನ್ನು. ಕ್ರಮ ಸರಿಯಿದ್ದರೆ ಕಲ್ಪಿತ ಕುಲದ ಹಬ್ಬವೂ ನಿಜವೆನಿಸುತ್ತದೆ.

ನಕ್ಷೆಯಲ್ಲಿ ದೂರವನ್ನು ನಡಿಗೆಯ ಹೊತ್ತಿನಲ್ಲಿ ಬರೆಯಿರಿ. ಭಾಗಮಂಡಲದಿಂದ ತಲಕಾವೇರಿಗೆ ರಸ್ತೆಯಲ್ಲಿ ಸುಮಾರು 8 ಕಿ.ಮೀ.; ಹೊರೆ ಹೊತ್ತು ಏರುವವರಿಗೆ ಮೂರು ಗಂಟೆ ಹಿಡಿಯಿರಿ, ಮಳೆಯಲ್ಲಿ ಇನ್ನೂ ಹೆಚ್ಚು. ಸೈನ್ಯ ಒಂದೇ ರಾತ್ರಿಯಲ್ಲಿ ಮೂರು ಬೆಟ್ಟ ದಾಟುವ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಬರವಣಿಗೆಯ ವೇಳಾಪಟ್ಟಿಯನ್ನು ಕಾಫಿ ತೋಟವೇ ನಿರ್ಧರಿಸಲಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದಿನಕ್ಕೆ 400 ಪದ ಬರೆದರೆ 120 ದಿನಕ್ಕೆ 48,000 ಪದ. ಕರೆಂಟು ನಂಬುವಂತಿಲ್ಲ, ಕೈಬರಹವೇ ಲೇಸು. ಥಂಡಿ ಕುಡಿದ ಕಾಗದದಲ್ಲಿ ಇಂಕು ಹರಡುತ್ತದೆ, ಬಾಲ್‌ಪೆನ್ ಬಳಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊಸದು ಬರೆಯಲು ಹೋಗದೆ ತಿದ್ದಿ. ಸೆಪ್ಟೆಂಬರ್ ಕೊನೆಗೆ ಯಾವ ಪಾತ್ರ ಎಲ್ಲಿದೆ, ಅದರ ಕೈಯಲ್ಲಿ ಏನಿದೆ, ಯಾರಿಗೆ ಯಾವ ಗುಟ್ಟು ಗೊತ್ತಿದೆ ಎಂದು ಒಂದು ಪುಟ ಬರೆದಿಡಿ. ಮುಂದಿನ ಜೂನ್‌ನಲ್ಲಿ ಅದನ್ನು ಓದಿಯೇ ಕೂರುವುದು.