ಹೆಬ್ಬೆರಳ ಬುಡ ನೋಯುತ್ತಿದೆಯೇ? ಇಕ್ಕಳ ಬದಿಗಿಡಿ

ಮಿಕ್ಸಿ ಜಾರಿನ ಮುಚ್ಚಳ ತಿರುಗಿಸುವಾಗ, ಒದ್ದೆ ಸೀರೆ ಹಿಂಡುವಾಗ, ಬೀಗದಲ್ಲಿ ಕೀಲಿ ತಿರುಗಿಸುವಾಗ ಹೆಬ್ಬೆರಳ ಬುಡ ಚುಳ್ ಎನ್ನುತ್ತದೆಯೇ? ಕೈ ಉಳುಕಿರಬೇಕು ಅಂತ ಎಣ್ಣೆ ತಿಕ್ಕಿ ಸುಮ್ನಾಗುವವರೇ ಜಾಸ್ತಿ. ನಮ್ಮಮ್ಮನೂ ಎರಡು ವರ್ಷ ಹಾಗೇ ತಳ್ಳಿದರು. ಆದರೆ ಅವರಿಗೆ ಸವೆದಿದ್ದು ಹೆಬ್ಬೆರಳ ಬುಡದ ಕೀಲು.

ಹೆಬ್ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. 40 ದಾಟಿದವರಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ ಈ ಸವೆತ ಹೆಚ್ಚು.

ಮೊದಲು ಗುರುತು ಹಿಡಿಯಿರಿ. ಹೆಬ್ಬೆರಳು ಮಣಿಕಟ್ಟಿಗೆ ಸೇರುವ ಜಾಗ ಒತ್ತಿದರೆ ನೋಯುತ್ತದೆ. ಕೆಲವರಿಗೆ ಅಲ್ಲೇ ಗಂಟಿನಂತೆ ಉಬ್ಬಿರುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ ಅದು ನರದ ತೊಂದರೆ ಇರಬಹುದು. ಹಲವು ಕೀಲುಗಳು ಊದಿಕೊಂಡು ಬೆಳಿಗ್ಗೆ ತುಂಬ ಹೊತ್ತು ಬಿಗಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ಹಿಡಿತ ಬದಲಿಸಿ. ಇದೇ ಮುಖ್ಯ. ಮಾತ್ರೆ ನುಂಗುತ್ತಾ ಇಕ್ಕಳದಲ್ಲೇ ಪಾತ್ರೆ ಎತ್ತಿದರೆ ಏನು ಲಾಭ, ಅಲ್ವಾ? ಅಮ್ಮ ಈಗ ದಪ್ಪ ಬಟ್ಟೆ ಹಿಡಿದು ಎರಡೂ ಕೈಯಲ್ಲಿ ಪಾತ್ರೆ ಇಳಿಸುತ್ತಾರೆ. ಸೌಟು, ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದೇವೆ. ಸೀರೆ ಹಿಂಡುವುದಿಲ್ಲ, ನಲ್ಲಿಯ ಮೇಲೆ ಇಳಿಬಿಟ್ಟು ನೀರು ಸೋರಲು ಬಿಡುತ್ತಾರೆ. ಮೊಬೈಲನ್ನು ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಒತ್ತಿ.

ಕೆಲಸದ ಹೊತ್ತಿಗೆ ಥಂಬ್ ಸ್ಪ್ಲಿಂಟ್ (ಹೆಬ್ಬೆರಳಿಗೆ ಆಸರೆ ಕೊಡುವ ಪಟ್ಟಿ) ಹಾಕಿ. ಮೆತ್ತನೆಯ ಬ್ಯಾಂಡೇಜ್ ಸಾಲದು, ಬುಡ ಅಲುಗದಂತೆ ಹಿಡಿದಿಡಬೇಕು. ಕೆಲವು ವಾರ ಬಿಡದೆ ಹಾಕಿದರೇ ಗುಣ ಗೊತ್ತಾಗುವುದು. ಬೆಳಿಗ್ಗೆ ಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ ಕೈಯಿಟ್ಟರೆ ಬಿಗಿತ ಸಡಿಲವಾಗುತ್ತದೆ. ಯಾರ ಹತ್ತಿರವೂ ಬೆರಳು ಎಳೆಸಬೇಡಿ.

ಆಮೇಲೆ ವ್ಯಾಯಾಮ. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸಖಂಡವನ್ನು ಮೆಲ್ಲಗೆ ನೀವಿ. ದೊಡ್ಡ ಲೋಟ ಹಿಡಿದಂತೆ ಕೈ ದುಂಡಗೆ ಮಾಡಿ ಐದೆಣಿಸಿ, ಬಿಡಿ. ನೋವಿರುವಾಗ ಚೆಂಡು ಹಿಸುಕುವುದು ಬೇಡ.

ಹಚ್ಚಲು ನೋವು ತಗ್ಗಿಸುವ ಡೈಕ್ಲೋಫೆನಾಕ್ ಜೆಲ್ ಆಗುತ್ತದೆ. ನೋವಿನ ಮಾತ್ರೆ ಮಾತ್ರ ವೈದ್ಯರನ್ನು ಕೇಳದೆ ಬೇಡ. ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಂತೂ ಮುಟ್ಟಲೇಬೇಡಿ. ಇಷ್ಟೆಲ್ಲ ಮಾಡಿಯೂ ತಗ್ಗದಿದ್ದರೆ ಮೂಳೆ ವೈದ್ಯರು ಎಕ್ಸ್-ರೇ ನೋಡಿ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬಹುದು. ಕೆಲವರಿಗೆ ಅದರಿಂದ ಸ್ವಲ್ಪ ಕಾಲ ಆರಾಮ. ಆಪರೇಷನ್ ಕೊನೆಯ ದಾರಿ. ಸವೆದ ಕೀಲಿನ ಚಿಕ್ಕ ಮೂಳೆಯೊಂದನ್ನು ತೆಗೆಯುತ್ತಾರೆ. ಕೈಗೆ ಬಲ ಮರಳಲು ತಿಂಗಳುಗಳೇ ಬೇಕು. ಅಷ್ಟು ದಿನ ಮನೆಗೆಲಸಕ್ಕೆ ಯಾರು ಕೈ ಜೋಡಿಸುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ.