ಕ್ವಾರ್ಟರ್‌ಬ್ಯಾಕ್ ತಪ್ಪೋ, ತಂಡದ ತಪ್ಪೋ? ಪತ್ತೆ ಹಚ್ಚುವುದು ಹೀಗೆ

2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಹೊಸ ತಂಡ ಅಮೆರಿಕನ್ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ಬಂತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯುವವರು, ಡೇವಿಡ್ ಕಾರ್. ಅವರನ್ನು ಕಾಯಲಿ ಎಂದೇ ಟೋನಿ ಬೊಸೆಲಿ ಎಂಬ ಹೆಸರಾಂತ ಟ್ಯಾಕಲ್‌ನನ್ನೂ ತಂಡ ತೆಗೆದುಕೊಂಡಿತ್ತು. ಆದರೆ ಭುಜದ ಗಾಯದಿಂದಾಗಿ ಬೊಸೆಲಿ ಹ್ಯೂಸ್ಟನ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಕಾರ್ ಆ ಸೀಸನ್‌ನ 16 ಪಂದ್ಯಗಳಲ್ಲಿ 76 ಸಲ ಸ್ಯಾಕ್ ಆದರು. ಅಂದರೆ ಚೆಂಡು ಎಸೆಯುವ ಮುಂಚೆಯೇ ಎದುರಾಳಿಗಳು ಅವರನ್ನು 76 ಸಲ ಕೆಡವಿದರು. ಆ ದಾಖಲೆ ಇನ್ನೂ ಹಾಗೇ ಇದೆ. 2005ರಲ್ಲಿ ಮತ್ತೆ 68 ಸಲ. ಮೊದಲ ನಂಬರ್ ಆಟಗಾರ ಕೈಕೊಟ್ಟ ಅಂತ ಜನ ಇವತ್ತಿಗೂ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಭಾನುವಾರ ಟಿವಿ ಮುಂದೆ ಕೂತವರಿಗೂ, ಇಲ್ಲೇ ಕೂತು ನೋಡುವವರಿಗೂ ಇದು ಉಪಯೋಗಕ್ಕೆ ಬರಬಹುದು. ಸೋಲಿಗೆ ಕ್ವಾರ್ಟರ್‌ಬ್ಯಾಕ್ ಎಷ್ಟು ಕಾರಣ, ಸುತ್ತಲಿನವರು ಎಷ್ಟು ಕಾರಣ ಅಂತ ನೋಡುವ ಕ್ರಮ ಇದು.

ಮೊದಲು ಚೆಂಡನ್ನು ಬಿಡಿ, ಲೈನ್ ನೋಡಿ

ಇದೇ ಕಷ್ಟದ ಕೆಲಸ, ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಮುಂದೆ ಬಗ್ಗಿ ನಿಂತ ಐವರಿದ್ದಾರಲ್ಲ, ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು, ಅವರನ್ನೇ ನೋಡಿ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ ಎಣಿಸಲು ಶುರು ಮಾಡಿ: ನೂರಾ ಒಂದು, ನೂರಾ ಎರಡು, ನೂರಾ ಮೂರು. ಒಂದೊಂದಕ್ಕೆ ಸುಮಾರು ಒಂದು ಸೆಕೆಂಡ್. ನೂರಾ ಎರಡು ಅನ್ನುವಷ್ಟರಲ್ಲೇ ಎದುರಾಳಿ ಮೈಮೇಲೆ ಬಿದ್ದರೆ ಅದು ಬಹುಪಾಲು ಲೈನ್‌ನವರ ಸೋಲು. ನೂರಾ ಮೂರು ದಾಟಿ ನೂರಾ ನಾಲ್ಕಾದರೂ ಚೆಂಡು ಕೈಯಲ್ಲೇ ಇದ್ದರೆ ತಪ್ಪು ಕ್ವಾರ್ಟರ್‌ಬ್ಯಾಕ್‌ನದೂ ಇರಬಹುದು, ಎಸೆಯಲು ಯಾರೂ ಖಾಲಿ ಸಿಗದೆಯೂ ಇರಬಹುದು. ಅದಕ್ಕೇ ಮುಂದಿನ ಹೆಜ್ಜೆ.

ರೀಪ್ಲೇಯಲ್ಲಿ ರಿಸೀವರ್‌ಗಳನ್ನು ಹುಡುಕಿ

ಎಸೆದ ಚೆಂಡನ್ನು ಹಿಡಿಯಲು ಮುಂದೆ ಓಡುವವರೇ ರಿಸೀವರ್‌ಗಳು. ಅವರಲ್ಲಿ ಕಾವಲಿನವನಿಂದ ಒಂದೆರಡು ಹೆಜ್ಜೆ ಬಿಡಿಸಿಕೊಂಡವರು ಯಾರಾದರೂ ಇದ್ದಾರಾ? ಇದ್ದೂ ಎಸೆಯದಿದ್ದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕೇಳಿ. ಇಲ್ಲದಿದ್ದರೆ ಅವನೇನು ಮಾಡಬೇಕು? ಇನ್ನೊಂದು ವಿಷಯ, ಕೈಗೇ ಬಂದ ಚೆಂಡನ್ನು ರಿಸೀವರ್ ಬಿಟ್ಟರೂ ಅದು ಎಸೆದವನ ವಿಫಲ ಪಾಸ್ ಅಂತಲೇ ಲೆಕ್ಕ. ರಿಸೀವರ್ ಕೈಗೆ ಬಡಿದು ಮೇಲೆದ್ದ ಚೆಂಡನ್ನು ಎದುರಾಳಿ ಹಿಡಿದರೆ ಆ ಇಂಟರ್‌ಸೆಪ್ಷನ್ ಕೂಡ ಎಸೆದವನ ಹೆಸರಿಗೇ. ಸ್ಲಿಪ್‌ನಲ್ಲಿ ಕ್ಯಾಚ್ ಬಿಟ್ಟಾಗ ಬೌಲರ್‌ಗೆ ವಿಕೆಟ್ ಹೋಗಿ ರನ್ ಮಾತ್ರ ಉಳಿಯುತ್ತದಲ್ವಾ, ಹಾಗೇ ಇದು.

ಮೂರನೇ ಡೌನ್‌ನಲ್ಲಿ ಎಷ್ಟು ಗಜ ಬೇಕು?

ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಇರುತ್ತವೆ, ಒಂದೊಂದೂ ಒಂದು ಡೌನ್. ಓಟದ ಆಟ, ಅಂದರೆ ಎಸೆಯದೆ ಚೆಂಡು ಹಿಡಿದು ಓಡುವುದು, ಚೆನ್ನಾಗಿದ್ದರೆ ಮೂರನೆಯದಕ್ಕೆ ಎರಡೋ ಮೂರೋ ಗಜ ಸಾಕು. ಅದು ಕೆಟ್ಟಿದ್ದರೆ ಎಂಟು, ಒಂಬತ್ತು ಗಜ ಉಳಿದಿರುತ್ತದೆ. ಪಾಸ್ ಬರುತ್ತೆ ಅಂತ ಎದುರಾಳಿಗೂ ಗೊತ್ತು, ಅವರು ಸೀದಾ ನುಗ್ಗುತ್ತಾರೆ. ಸ್ವಂತ ಡಿಫೆನ್ಸ್ ಬೇಗ ಅಂಕ ಬಿಟ್ಟುಕೊಟ್ಟಾಗಲೂ ಇದೇ ಕಥೆ, ಹಿಂದೆ ಬಿದ್ದ ತಂಡ ಪಾಸ್ ಮಾಡಲೇಬೇಕಾಗುತ್ತದೆ.

ಕಾಲು ನೋಡಿ

ಏಟು ತಿಂದೂ ತಿಂದೂ ಕ್ವಾರ್ಟರ್‌ಬ್ಯಾಕ್‌ನ ಆಟವೇ ಬದಲಾಗುತ್ತದೆ. ಹತ್ತಿರ ಯಾರೂ ಇಲ್ಲದಿದ್ದರೂ ಕಾಲು ಚಡಪಡಿಸುತ್ತದೆ, ದೂರದ ರಿಸೀವರ್ ಮೇಲಿರಬೇಕಾದ ಕಣ್ಣು ನುಗ್ಗಿ ಬರುವವರ ಮೇಲೆ ಇಳಿಯುತ್ತದೆ. 2019ರ ಅಕ್ಟೋಬರ್‌ನಲ್ಲಿ ಜೆಟ್ಸ್ ತಂಡ ಪೇಟ್ರಿಯಟ್ಸ್ ಎದುರು 33-0 ಅಂತರದಲ್ಲಿ ಸೋತ ರಾತ್ರಿ ಅದರ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್ ನಾಲ್ಕು ಇಂಟರ್‌ಸೆಪ್ಷನ್ ಎಸೆದರು. ನನಗೆ ದೆವ್ವ ಕಾಣ್ತಿದೆ ಅಂತ ಬೆಂಚಿನಲ್ಲಿ ಕೂತು ಹೇಳಿದ್ದು ಮೈಕ್‌ಗೆ ಸಿಕ್ಕಿತು, ದೇಶವೇ ನಕ್ಕಿತು. ಅದೇ ಡಾರ್ನಲ್ಡ್ 2024ರಲ್ಲಿ ವೈಕಿಂಗ್ಸ್ ಸೇರಿ ರಿಸೀವರ್ ಜಸ್ಟಿನ್ ಜೆಫರ್ಸನ್ ಮತ್ತು ಕೋಚ್ ಕೆವಿನ್ ಓಕಾನಲ್ ಜೊತೆ 14 ಪಂದ್ಯ ಗೆದ್ದರು, 35 ಟಚ್‌ಡೌನ್ ಪಾಸ್ (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ತರುವ ಪಾಸ್) ಎಸೆದರು. ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ತಂಡ ಅವರನ್ನು ಒಂಬತ್ತು ಸಲ ಸ್ಯಾಕ್ ಮಾಡಿದಾಗ ಮತ್ತೆ ಸೋತರು.

ಒಬ್ಬನದೇ ಎರಡು ವರ್ಷ ಪಕ್ಕಪಕ್ಕ ಇಡಿ

ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ರ‍್ಯಾಮ್ಸ್‌ನ ಜ್ಯಾರೆಡ್ ಗಾಫ್ 2016ರಲ್ಲಿ ಏಳು ಪಂದ್ಯಗಳಿಗೆ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದು ಏಳನ್ನೂ ಸೋತರು. ಆ ವರ್ಷ ತಂಡ ಗಳಿಸಿದ್ದು 224 ಅಂಕ, ಲೀಗ್‌ನಲ್ಲೇ ಕಡಿಮೆ. ಮುಂದಿನ ವರ್ಷ ಕೋಚ್ ಶಾನ್ ಮೆಕ್‌ವೇ ಬಂದರು. ಎಡ ಟ್ಯಾಕಲ್ ಆಗಿ ಆಂಡ್ರ್ಯೂ ವಿಟ್‌ವರ್ತ್, ರಿಸೀವರ್‌ಗಳಾಗಿ ರಾಬರ್ಟ್ ವುಡ್ಸ್, ಕೂಪರ್ ಕಪ್ ಬಂದರು. 478 ಅಂಕ, ಲೀಗ್‌ನಲ್ಲೇ ಜಾಸ್ತಿ. ಎಸೆದ ಕೈ ಅದೇ.

ಹಾಗಂತ ಲೈನ್ ಕೆಟ್ಟಿದ್ದರೆ ಎಲ್ಲ ಮುಗೀತು ಅಂತಲ್ಲ. ಬೆಂಗಲ್ಸ್‌ನ ಜೋ ಬರೋ 2021ರ ಲೀಗ್ ಹಂತದಲ್ಲಿ 51 ಸಲ ಸ್ಯಾಕ್ ಆಗಿಯೂ ತಂಡವನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಯ್ದರು. ದಾರಿಯಲ್ಲಿ ಟೆನಸಿ ಎದುರು ಒಂಬತ್ತು ಸಲ ಬಿದ್ದು ಗೆದ್ದರು. ಆದರೆ ಅವರಿಗೆ ಜಮಾರ್ ಚೇಸ್, ಟೀ ಹಿಗ್ಗಿನ್ಸ್ ಅಂಥ ರಿಸೀವರ್‌ಗಳಿದ್ದರು. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆ ತುಂಬಿಕೊಳ್ಳಬಹುದು. ಎರಡೂ ಇಲ್ಲದವನು ಎಷ್ಟು ದಿನ ನಿಲ್ಲುತ್ತಾನೆ?

ಅಭ್ಯಾಸಕ್ಕೆ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆಡಿದ ಎರಡು ಸೂಪರ್ ಬೌಲ್ ನೋಡಿ. 2021ರ ಫೆಬ್ರವರಿಯಲ್ಲಿ ಚೀಫ್ಸ್‌ನ ಇಬ್ಬರೂ ಮುಖ್ಯ ಟ್ಯಾಕಲ್‌ಗಳು ಗಾಯದಿಂದ ಹೊರಗಿದ್ದರು. ಒಂದೂ ಟಚ್‌ಡೌನ್ ಇಲ್ಲದೆ 31-9ರಿಂದ ಸೋತರು. ಆಮೇಲೆ ತಂಡ ಲೈನನ್ನೇ ಹೊಸದಾಗಿ ಕಟ್ಟಿತು. 2023ರ ಫೆಬ್ರವರಿಯಲ್ಲಿ ಎದುರಿಗಿದ್ದದ್ದು ಲೀಗ್ ಹಂತದಲ್ಲಿ 70 ಸ್ಯಾಕ್ ಮಾಡಿದ್ದ ಈಗಲ್ಸ್. ಆ ದಿನ ಮಹೋಮ್ಸ್ ಒಂದು ಸಲವೂ ಸ್ಯಾಕ್ ಆಗಲಿಲ್ಲ, ಚೀಫ್ಸ್ 38-35ರಿಂದ ಗೆದ್ದಿತು. ಮೊದಲ ಪಂದ್ಯದ ಎರಡನೇ ಅರ್ಧದಿಂದ ಶುರು ಮಾಡಿ. ಮಹೋಮ್ಸ್ ಹಿಂದಕ್ಕೆ ಓಡುತ್ತಾ, ಬೀಳುತ್ತಾ ಎಸೆದ ಪಾಸ್‌ಗಳಲ್ಲಿ ಎಷ್ಟು ರಿಸೀವರ್ ಕೈಗೇ ಬಂದು ಜಾರಿದವು ಅಂತ ಎಣಿಸಿ.