ಮದುವೆಗೆ ಮೊದಲೇ ಹುಟ್ಟಿದ ಮಗು

ನನ್ನ ಸೊಸೆ ಬಾಸ್ಟನ್ ಕಡೆಯವಳು. ಅವಳ ಹಿರಿಯರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದವರಂತೆ, ಅವರ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ನಾನು ರಿಟೈರ್ ಆಗಿ ಆರು ತಿಂಗಳು ಮಗನ ಮನೆಯಲ್ಲಿದ್ದೆ. ಸುಮ್ನೆ ಕೂರುವ ಬದಲು ಹುಡುಕಿಯೇ ಬಿಡೋಣ ಎಂದು ಕೈ ಹಾಕಿದೆ.

ಮೊದಲ ತಪ್ಪು, ಮೇಲಿನಿಂದ, ಅಂದರೆ ಹಳೆಯ ಕಾಲದಿಂದ, ಇಳಿದದ್ದು. 1620ರ ಆ ಹಡಗಿನಲ್ಲಿ ಬಂದವರು 102 ಜನ. ಅದರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲವನ್ನೇ ದಾಟಲಿಲ್ಲ. ಆ ಪಟ್ಟಿಯಲ್ಲಿ ಸೊಸೆಯ ಮನೆತನದ ಹೆಸರು ಹುಡುಕುತ್ತಾ ಎರಡು ವಾರ ಹಾಳು ಮಾಡಿದೆ. 1640ರ ಹೊತ್ತಿಗೆ ನ್ಯೂ ಇಂಗ್ಲೆಂಡಿಗೆ, ಅಂದರೆ ಬಾಸ್ಟನ್ ಇರುವ ಅಮೆರಿಕದ ಈಶಾನ್ಯ ಭಾಗಕ್ಕೆ, ಬಂದವರು ಸುಮಾರು ಇಪ್ಪತ್ತು ಸಾವಿರ. ಅವರನ್ನೆಲ್ಲ ಬಿಟ್ಟು ಒಂದೇ ಹಡಗಿಗೆ ಜೋತು ಬಿದ್ದಿದ್ದೆ.

ಆಮೇಲೆ ಕೆಳಗಿನಿಂದ ಹತ್ತಿದೆ. ಅವಳ ಅಜ್ಜಿಯ ಜನನ ಪತ್ರ, ಅಜ್ಜಿಯ ಅಪ್ಪನದು, ಹೀಗೆ. 1850ರ ಜನಗಣತಿಯವರೆಗೆ ಕಷ್ಟವಿಲ್ಲ. ಅದಕ್ಕಿಂತ ಹಿಂದಿನ ಗಣತಿಯಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಲೆಕ್ಕ. ಅಲ್ಲಿಂದಾಚೆಗೆ ಊರಿನ ಜನನ–ಮರಣದ ಪುಸ್ತಕ, ಉಯಿಲು, ಜಮೀನು ಪತ್ರಗಳೇ ಗತಿ. ಹೆಚ್ಚಿನವು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಹುಡುಕುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಹೆಸರಿನ ಮುಂದೆ 'ಜೂನಿಯರ್' ಎಂದು ಕಂಡರೆ ಮಗ ಎಂದುಕೊಳ್ಳಬೇಡಿ. ನಮ್ಮ ಹಳ್ಳಿಯಲ್ಲಿ ದೊಡ್ಡ ತಿಮ್ಮ, ಸಣ್ಣ ತಿಮ್ಮ ಅನ್ನುವುದಿಲ್ವಾ, ಹಾಗೆ. ಸಂಬಂಧವೇ ಇಲ್ಲದಿರಬಹುದು. ದೊಡ್ಡವನು ಸತ್ತ ಮೇಲೆ ಸಣ್ಣವನೇ 'ಸೀನಿಯರ್' ಆಗುತ್ತಿದ್ದ! ಉಯಿಲಿನಲ್ಲಿ 'ಕಸಿನ್' ಎಂದಿದ್ದರೆ ಅದು ಅಣ್ಣನ ಮಗನೂ ಆಗಬಹುದು.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಒಂದು ಮಗುವಿನ ವಿಷಯಕ್ಕೆ. ಗಂಡ ಹೆಂಡತಿಯ ಮದುವೆ 1641ರ ಮೇ ತಿಂಗಳಲ್ಲಿ. ಮೊದಲ ಮಗು ಹುಟ್ಟಿದ್ದು 1641ರ ಫೆಬ್ರವರಿಯಲ್ಲಿ. ಇದನ್ನು ನೋಡಿ ಗಾಬರಿಯಾದ ಯಾರೋ ಪುಣ್ಯಾತ್ಮರು ಆನ್‌ಲೈನ್ ವಂಶವೃಕ್ಷದಲ್ಲಿ ಆ ಗಂಡನಿಗೆ ಒಬ್ಬ ಮೊದಲ ಹೆಂಡತಿಯನ್ನೇ ಹುಟ್ಟಿಸಿ, ಬಾಣಂತನದಲ್ಲಿ ಸಾಯಿಸಿದ್ದರು. ಹತ್ತಾರು ಜನ ಅದನ್ನೇ ನಕಲು ಮಾಡಿಕೊಂಡಿದ್ದರು.

ಮೂಲ ಪುಸ್ತಕದ ಚಿತ್ರ ತೆರೆದೆ. ಅಲ್ಲಿ ಫೆಬ್ರವರಿ ಎಂದೇ ಇಲ್ಲ, '12ನೇ ತಿಂಗಳು' ಎಂದಿದೆ. ಆಗ ಹೊಳೆಯಿತು. 1752ಕ್ಕೆ ಮುಂಚೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಮಾರ್ಚ್ ಮೊದಲ ತಿಂಗಳು, ಫೆಬ್ರವರಿ ಕೊನೆಯದು. ಅಂದರೆ ಆ ಮಗು ಹುಟ್ಟಿದ್ದು ನಮ್ಮ ಲೆಕ್ಕದ 1642ರಲ್ಲಿ, ಮದುವೆಯಾಗಿ ಸರಿಯಾಗಿ ಒಂಬತ್ತು ತಿಂಗಳಿಗೆ. ಯುಗಾದಿ ಮಾಡುವ ನನಗೇ ಇದು ತಡವಾಗಿ ಹೊಳೆಯಿತಲ್ಲ ಎಂದು ನಾಚಿಕೆಯಾಯಿತು.

ಮೇಫ್ಲವರ್ ನಂಟು ಮಾತ್ರ ಸಿಗಲಿಲ್ಲ. ನಾನು ಹಿಡಿದ ಎಳೆ 1630ರ ದಶಕದ ಒಬ್ಬ ನೇಕಾರನ ಹತ್ತಿರ ನಿಂತಿತು. ಸೊಸೆಗೆ ಬೇಸರವೇನೂ ಆಗಲಿಲ್ಲ. ಅವಳು ಕೇಳಿದ್ದು ಆ ಒಂಬತ್ತು ತಿಂಗಳ ತಾಯಿಯ ತವರು ಯಾವುದು ಎಂದು. ಅದು ಎಲ್ಲೂ ಇಲ್ಲ. ಗಂಡನ ಉಯಿಲಿನಲ್ಲಿ ಅವಳಿಗೊಂದು ಹಸು, ಒಂದು ಕಬ್ಬಿಣದ ಪಾತ್ರೆ, ಹಾಸಿಗೆ ಬರೆದಿದೆ. ಹೆಸರು ಬರೀ ಮೇರಿ. ಸೊಸೆ ಆ ಖಾನೆಯಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಗುರುತು ಹಾಕಿಟ್ಟಿದ್ದಾಳೆ.